ಮೋಯಮೋಯ ರೋಗ

ಮೋಯಮೋಯ ರೋಗವು ಮೆದುಳಿಗೆ ರಕ್ತವನ್ನು ಒಯ್ಯುವ ಪ್ರಮುಖ ಅಪಧಮನಿಗಳು ತಲೆಬುರುಡೆಯ ತಳಭಾಗದಲ್ಲಿ ಕ್ರಮೇಣ ಕಿರಿದಾಗಿ, ಕೊನೆಗೆ ಮುಚ್ಚಿಹೋಗುವ ಅಪರೂಪದ ಕಾಯಿಲೆಯಾಗಿದೆ. ಆಂತರಿಕ ಕೆರೋಟಿಡ್ ಅಪಧಮನಿಯ ತುದಿ ಹಾಗೂ ಅದರಿಂದ ಕವಲೊಡೆಯುವ ಮುಂದಿನ ಮತ್ತು ಮಧ್ಯದ ಮೆದುಳಿನ ಅಪಧಮನಿಗಳ ಆರಂಭಭಾಗ ಇದಕ್ಕೆ ಮುಖ್ಯವಾಗಿ ತುತ್ತಾಗುತ್ತವೆ. ರಕ್ತದ ಕೊರತೆಯನ್ನು ತುಂಬಿಕೊಳ್ಳಲು ಮೆದುಳಿನ ತಳದಲ್ಲಿ ಕೂದಲೆಳೆಯಂತಹ ಸಣ್ಣ ರಕ್ತನಾಳಗಳ ಜಾಲವೊಂದು ಬೆಳೆಯುತ್ತದೆ. ರೋಗಕ್ಕೆ ಹೆಸರು ಬಂದಿರುವುದು ಈ ಜಾಲದಿಂದಲೇ. ಆದ್ದರಿಂದ ಇದು ಹಾನಿ ಮತ್ತು ಹಾನಿಯನ್ನು ಸರಿದೂಗಿಸುವ ಶರೀರದ ಪ್ರಯತ್ನ ಎರಡೂ ಸೇರಿದ ಸ್ಥಿತಿಯಾಗಿದೆ. ಸರಿದೂಗಿಸುವಿಕೆ ಚೆನ್ನಾಗಿ ನಡೆಯುವವರೆಗೆ ರೋಗವು ಗುಪ್ತವಾಗಿರುತ್ತದೆ. ಅದು ಸೋತಾಗ ಮಕ್ಕಳಲ್ಲಿ ಹೆಚ್ಚಾಗಿ ಪಾರ್ಶ್ವವಾಯುವೂ, ವಯಸ್ಕರಲ್ಲಿ ಪಾರ್ಶ್ವವಾಯು ಅಥವಾ ಮೆದುಳಿನ ರಕ್ತಸ್ರಾವವೂ ಕಾಣಿಸಿಕೊಳ್ಳುತ್ತವೆ.

ಹೆಸರು ಮತ್ತು ಇತಿಹಾಸ

ಜಪಾನಿನ ವೈದ್ಯರಾದ ತಾಕೆಉಚಿ ಮತ್ತು ಶಿಮಿಜು 1957ರಲ್ಲಿ ಎರಡೂ ಬದಿಯ ಆಂತರಿಕ ಕೆರೋಟಿಡ್ ಅಪಧಮನಿಗಳು ಕಿರಿದಾಗಿದ್ದ ರೋಗಿಯೊಬ್ಬರ ವಿವರವನ್ನು ಪ್ರಕಟಿಸಿದರು. ಅಂದು ಇದನ್ನು ಅಪಧಮನಿಗಳ ಅಪೂರ್ಣ ಬೆಳವಣಿಗೆ ಎಂದು ಭಾವಿಸಲಾಗಿತ್ತು. 1969ರಲ್ಲಿ ಸುಜುಕಿ ಮತ್ತು ತಾಕಾಕು ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿ, ಅದಕ್ಕೆ ಮೋಯಮೋಯ ಎಂಬ ಹೆಸರನ್ನು ನೀಡಿದರು. ಜಪಾನೀ ಭಾಷೆಯಲ್ಲಿ ಈ ಪದವು ಗಾಳಿಯಲ್ಲಿ ತೇಲುವ ಹೊಗೆಯಂತೆ ಮಸುಕಾಗಿ ಕಾಣುವುದನ್ನು ಸೂಚಿಸುತ್ತದೆ. ರಕ್ತನಾಳಗಳಿಗೆ ಬಣ್ಣದ್ರವವನ್ನು ಹಾಯಿಸಿ ತೆಗೆದ ಕ್ಷಕಿರಣ ಚಿತ್ರದಲ್ಲಿ ತಳಭಾಗದ ಸಣ್ಣ ನಾಳಗಳ ಜಾಲವು ಹೊಗೆಯ ಸುರುಳಿಯಂತೆ ಕಂಡುದೇ ಈ ಹೆಸರಿಗೆ ಕಾರಣ. ವಿಲ್ಲಿಸ್ ವೃತ್ತದ ಸ್ವಯಂಪ್ರೇರಿತ ಮುಚ್ಚುವಿಕೆ ಎಂಬ ಹೆಸರೂ ವೈದ್ಯಸಾಹಿತ್ಯದಲ್ಲಿ ಬಳಕೆಯಲ್ಲಿತ್ತು.

ಮೆದುಳಿನ ರಕ್ತಪೂರೈಕೆ

ಮೆದುಳು ದೇಹದ ತೂಕದ ಸುಮಾರು ಶೇ. 2ರಷ್ಟಿದ್ದರೂ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟನ್ನು ತಾನೇ ಬಳಸುತ್ತದೆ. ಸ್ನಾಯು ಅಥವಾ ಯಕೃತ್ತಿನಂತೆ ಇದರಲ್ಲಿ ಇಂಧನದ ದೊಡ್ಡ ದಾಸ್ತಾನು ಇರುವುದಿಲ್ಲ. ಆದ್ದರಿಂದ ರಕ್ತದ ಹರಿವು ಕ್ಷಣಕ್ಷಣವೂ ನಡೆಯುತ್ತಿರಬೇಕು.

ಮೆದುಳಿಗೆ ರಕ್ತವು ನಾಲ್ಕು ದಾರಿಗಳಿಂದ ಬರುತ್ತದೆ: ಕುತ್ತಿಗೆಯ ಮುಂಭಾಗದಲ್ಲಿ ಎರಡು ಆಂತರಿಕ ಕೆರೋಟಿಡ್ ಅಪಧಮನಿಗಳು, ಬೆನ್ನೆಲುಬಿನ ಜೊತೆಗೆ ಸಾಗುವ ಎರಡು ವರ್ಟಿಬ್ರಲ್ ಅಪಧಮನಿಗಳು. ಇವು ಮೆದುಳಿನ ತಳದಲ್ಲಿ ಒಂದಕ್ಕೊಂದು ಕೂಡಿಕೊಂಡು ಉಂಗುರದಂತಹ ರಚನೆಯನ್ನು ಮಾಡುತ್ತವೆ. 1664ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇದನ್ನು ವಿವರಿಸಿದುದರಿಂದ ಇದಕ್ಕೆ ವಿಲ್ಲಿಸ್ ವೃತ್ತ ಎಂಬ ಹೆಸರಿದೆ. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿಯ ರಕ್ತವು ಈ ಉಂಗುರದ ಮೂಲಕ ಸುತ್ತಿಬಂದು ಕೊರತೆಯನ್ನು ತುಂಬಬಲ್ಲದು. ಮೋಯಮೋಯ ರೋಗವು ಇತರ ರಕ್ತನಾಳದ ಕಾಯಿಲೆಗಳಿಗಿಂತ ಭಿನ್ನವಾಗುವುದು ಇಲ್ಲಿಯೇ. ಕಿರಿದಾಗುವಿಕೆಯು ಈ ಉಂಗುರದ ಮುಂಭಾಗದಲ್ಲಿಯೇ ಉಂಟಾಗುವುದರಿಂದ, ನಿಸರ್ಗವು ಒದಗಿಸಿದ ಮೊದಲ ರಕ್ಷಣೆಯೇ ನಿಷ್ಪ್ರಯೋಜಕವಾಗುತ್ತದೆ. ಮೆದುಳು ಬೇರೆ ದಾರಿಗಳನ್ನು ಹುಡುಕಿಕೊಳ್ಳಬೇಕಾಗುತ್ತದೆ.

ಕಾರಣಗಳು

ಅಪಧಮನಿಯ ಗೋಡೆಯಲ್ಲಿನ ಬದಲಾವಣೆ

ವಯಸ್ಸಾದವರ ಅಪಧಮನಿಗಳಲ್ಲಿ ಕೊಬ್ಬು ಶೇಖರವಾಗಿ ಉಂಟಾಗುವ ಕಾಠಿಣ್ಯಕ್ಕೂ ಮೋಯಮೋಯಕ್ಕೂ ವ್ಯತ್ಯಾಸವಿದೆ. ಇಲ್ಲಿ ಕೊಬ್ಬಿನ ಶೇಖರಣೆಯಾಗಲಿ, ಗಮನಾರ್ಹ ಉರಿಯೂತವಾಗಲಿ ಕಂಡುಬರುವುದಿಲ್ಲ. ಅಪಧಮನಿಯ ಒಳಪದರದಲ್ಲಿ ನಯಸ್ನಾಯು ಕೋಶಗಳು ಮತ್ತು ನಾರಿನ ಅಂಶ ಹೆಚ್ಚಿ ಅದು ದಪ್ಪವಾಗುತ್ತದೆ. ಒಳಪದರದ ಕೆಳಗಿನ ಸ್ಥಿತಿಸ್ಥಾಪಕ ಹಾಳೆಯು ಸುಕ್ಕುಗಟ್ಟುತ್ತದೆ. ಮಧ್ಯಪದರವು ತೆಳುವಾಗುತ್ತದೆ. ಹೀಗೆ ಒಳಗಿನ ರಂಧ್ರವು ಕಿರಿದಾಗುವುದರ ಜೊತೆಗೆ ಅಪಧಮನಿಯ ಹೊರಸುತ್ತಳತೆಯೂ ಕುಗ್ಗುತ್ತದೆ.

ಆನುವಂಶಿಕ ಕಾರಣಗಳು

ಜಪಾನಿನಲ್ಲಿ ಸುಮಾರು ಶೇ. 10ರಿಂದ 15ರಷ್ಟು ರೋಗಿಗಳ ಕುಟುಂಬದಲ್ಲಿ ಇನ್ನೊಬ್ಬರಿಗೂ ಈ ರೋಗವಿರುವುದು ಕಂಡುಬಂದಿದೆ. 2011ರಲ್ಲಿ ಸಂಶೋಧಕರು 17ನೆಯ ವರ್ಣತಂತುವಿನಲ್ಲಿರುವ ಆರ್‌ಎನ್‌ಎಫ್213 ಎಂಬ ಜೀನಿಗೂ ರೋಗಕ್ಕೂ ಇರುವ ಸಂಬಂಧವನ್ನು ಗುರುತಿಸಿದರು. ಈ ಜೀನಿನ ಆರ್4810ಕೆ ಎಂಬ ರೂಪಾಂತರವು ಜಪಾನ್ ಮತ್ತು ಕೊರಿಯಾದ ರೋಗಿಗಳಲ್ಲಿ ಬಹುವಾಗಿ ಕಂಡುಬರುತ್ತದೆ. ಈ ರೂಪಾಂತರದ ಎರಡು ಪ್ರತಿಗಳನ್ನು ಪಡೆದವರಲ್ಲಿ ರೋಗವು ಚಿಕ್ಕ ವಯಸ್ಸಿನಲ್ಲಿಯೇ ಆರಂಭವಾಗಿ ತೀವ್ರವಾಗಿರುತ್ತದೆ. ಆದರೆ ಜಪಾನಿನ ಸಾಮಾನ್ಯ ಜನರಲ್ಲಿಯೂ ನೂರಕ್ಕೆ ಒಬ್ಬಿಬ್ಬರಲ್ಲಿ ಇದೇ ರೂಪಾಂತರವಿದ್ದು, ಅವರಲ್ಲಿ ಬಹುಪಾಲು ಜನರಿಗೆ ರೋಗವು ಬರುವುದೇ ಇಲ್ಲ. ಆದ್ದರಿಂದ ಈ ಜೀನು ರೋಗಕ್ಕೆ ಒಳಗಾಗುವ ಪ್ರವೃತ್ತಿಯನ್ನು ಕೊಡುತ್ತದೆಯೇ ಹೊರತು ಒಂದೇ ರೋಗವನ್ನು ಉಂಟುಮಾಡುವುದಿಲ್ಲ. ಅದರ ಮೇಲೆ ಇನ್ನೊಂದು ಪ್ರಚೋದನೆಯೂ ಸೇರಬೇಕು ಎಂಬುದು ಪ್ರಚಲಿತ ಅಭಿಪ್ರಾಯ.

ಅಪರೂಪವಾಗಿ ಇತರ ಜೀನುಗಳೂ ಕಾರಣವಾಗುತ್ತವೆ. ನಯಸ್ನಾಯುವಿನ ಪ್ರೋಟೀನಿಗೆ ಸಂಬಂಧಿಸಿದ ಎಸಿಟಿಎ2 ಜೀನಿನ ದೋಷವು ಅವುಗಳಲ್ಲೊಂದು. ಜಿಯುಸಿವೈ1ಎ3 ಜೀನಿನ ದೋಷದಲ್ಲಿ ಮೋಯಮೋಯದ ಜೊತೆಗೆ ಅನ್ನನಾಳದ ಕೆಳತುದಿ ಸಡಿಲಗೊಳ್ಳದೆ ನುಂಗಲು ಕಷ್ಟವಾಗುತ್ತದೆ. ಈ ಎರಡನೆಯ ದೋಷವು ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ರೋಗವಾಗುವುದರಿಂದ, ಸೋದರಸಂಬಂಧದ ಮದುವೆಗಳಿರುವ ಕುಟುಂಬಗಳಲ್ಲಿ ಇದರ ಸಾಧ್ಯತೆ ಹೆಚ್ಚು.

ಮೋಯಮೋಯ ಸಿಂಡ್ರೋಮ್

ಬೇರೊಂದು ರೋಗದ ಜೊತೆಯಲ್ಲಿ ಇದೇ ಬಗೆಯ ಕಿರಿದಾಗುವಿಕೆ ಮತ್ತು ನಾಳಗಳ ಜಾಲ ಕಂಡುಬಂದರೆ ಅದನ್ನು ಮೋಯಮೋಯ ಸಿಂಡ್ರೋಮ್ ಎಂದು ಕರೆಯುತ್ತಾರೆ. ಇದಕ್ಕೆ ಸಂಬಂಧಿಸಿದ ಮುಖ್ಯ ಸ್ಥಿತಿಗಳು ಇವು:

• ಕುಡುಗೋಲು ಕಣ ರಕ್ತಹೀನತೆ
• ಡೌನ್ ಸಿಂಡ್ರೋಮ್
• ಚರ್ಮದ ಮೇಲೆ ಕಾಫಿ ಬಣ್ಣದ ಮಚ್ಚೆಗಳನ್ನು ಉಂಟುಮಾಡುವ ನ್ಯೂರೋಫೈಬ್ರೋಮಟೋಸಿಸ್‌ನ ಮೊದಲ ವಿಧ
• ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ವಿಶೇಷವಾಗಿ ಗ್ರೇವ್ಸ್ ರೋಗ
• ಬಾಲ್ಯದಲ್ಲಿ ಮೆದುಳಿನ ಗಡ್ಡೆಗಾಗಿ ಪಡೆದ ವಿಕಿರಣ ಚಿಕಿತ್ಸೆ
• ಕ್ಷಯದಿಂದಾಗುವ ಮೆದುಳುಪೊರೆಯ ಉರಿಯೂತ

ಭಾರತದಲ್ಲಿ ಕೊನೆಯದು ಗಮನಾರ್ಹ. ಕ್ಷಯದ ಸೋಂಕು ಮೆದುಳಿನ ತಳದ ಪೊರೆಗಳಲ್ಲಿ ನೆಲೆಸಿ ಅಲ್ಲಿ ಹಾದುಹೋಗುವ ಅಪಧಮನಿಗಳನ್ನು ಕಿರಿದಾಗಿಸುತ್ತದೆ. ಮೂಲರೋಗಕ್ಕೆ ಚಿಕಿತ್ಸೆ ಇರುವುದರಿಂದ ಇಂತಹ ಕಾರಣಗಳನ್ನು ಮೊದಲು ಪರಿಶೀಲಿಸಲಾಗುತ್ತದೆ.

ಸರಿದೂಗಿಸುವ ವ್ಯವಸ್ಥೆಗಳು

ರಕ್ತನಾಳಗಳ ಹಿಗ್ಗುವಿಕೆ

ಕಿರಿದಾದ ಭಾಗದ ಆಚೆಗೆ ರಕ್ತದ ಒತ್ತಡ ಇಳಿಯುತ್ತದೆ. ಆಗ ಮೆದುಳಿನ ಸಣ್ಣ ಅಪಧಮನಿಗಳು ತಾವಾಗಿ ಹಿಗ್ಗಿ ಹರಿವಿಗೆ ಇರುವ ತಡೆಯನ್ನು ಕಡಿಮೆ ಮಾಡುತ್ತವೆ. ಇದಕ್ಕೆ ಸ್ವಯಂನಿಯಂತ್ರಣ ಎಂದು ಹೆಸರು. ಹೀಗೆ ಒತ್ತಡ ಕಡಿಮೆಯಾದರೂ ಪ್ರತಿ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ಎಂಬ ಸಹಜ ಹರಿವು ಉಳಿಯುತ್ತದೆ. ಈ ಹಂತದಲ್ಲಿ ರೋಗಿಗೆ ಯಾವ ತೊಂದರೆಯೂ ಇರುವುದಿಲ್ಲ. ಆದರೆ ಹಿಗ್ಗುವಿಕೆಗೆ ಮಿತಿಯಿದೆ. ಪೂರ್ಣವಾಗಿ ಹಿಗ್ಗಿದ ನಾಳವು ಮತ್ತೊಂದು ಸಂಕಷ್ಟ ಬಂದಾಗ ಇನ್ನಷ್ಟು ಹಿಗ್ಗಲಾರದು.

ಹೆಚ್ಚು ಆಮ್ಲಜನಕದ ಸೆಳೆತ

ಹಿಗ್ಗುವಿಕೆಯು ಮುಗಿದ ಮೇಲೆ ರಕ್ತದ ಹರಿವು ಇಳಿಯತೊಡಗುತ್ತದೆ. ಸಾಮಾನ್ಯವಾಗಿ ಮೆದುಳು ತನಗೆ ಬಂದ ರಕ್ತದಲ್ಲಿನ ಆಮ್ಲಜನಕದ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ ತೆಗೆದುಕೊಳ್ಳುತ್ತದೆ. ಕೊರತೆಯ ಕಾಲದಲ್ಲಿ ಈ ಪ್ರಮಾಣವನ್ನು ಎರಡರಷ್ಟರವರೆಗೆ ಹೆಚ್ಚಿಸಿಕೊಂಡು ಕೋಶಗಳು ಜೀವಂತವಾಗಿರುತ್ತವೆ. ಇದು ಸರಿದೂಗಿಸುವಿಕೆಯ ಕೊನೆಯ ಮೆಟ್ಟಿಲು. ಹರಿವು ಸುಮಾರು 20 ಮಿಲಿಲೀಟರಿಗಿಂತ ಕೆಳಗಿಳಿದರೆ ನರಕೋಶಗಳು ಕೆಲಸವನ್ನು ನಿಲ್ಲಿಸುತ್ತವೆ. ಕೈಕಾಲು ಬಲಹೀನವಾಗುತ್ತವೆ, ಮಾತು ತೊದಲುತ್ತದೆ. ಬೇಗನೆ ಹರಿವು ಮರಳಿದರೆ ಅವು ಚೇತರಿಸಿಕೊಳ್ಳುತ್ತವೆ. ಸುಮಾರು 10 ಮಿಲಿಲೀಟರಿಗಿಂತ ಕಡಿಮೆಯಾದರೆ ಕೋಶಗಳು ಸಾಯುತ್ತವೆ, ಹಾನಿಯು ಶಾಶ್ವತವಾಗುತ್ತದೆ.

ಎರಡು ಅಪಧಮನಿಗಳ ವ್ಯಾಪ್ತಿ ಸಂಧಿಸುವ ಗಡಿಪ್ರದೇಶವು ಮೊದಲು ಹಾನಿಗೊಳಗಾಗುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯಂತಹ ನೀರಾವರಿ ವ್ಯವಸ್ಥೆಯಲ್ಲಿ ಹರಿವು ಕಡಿಮೆಯಾದಾಗ ಕೊನೆಯಂಚಿನ ಹೊಲಗಳು ಮೊದಲು ಒಣಗುವಂತೆಯೇ ಇದು ಕೂಡ.

ಬದಲಿ ರಕ್ತನಾಳಗಳು

ಆಮ್ಲಜನಕದ ಕೊರತೆಯನ್ನು ಅನುಭವಿಸುವ ಅಂಗಾಂಶವು ಹೊಸ ನಾಳಗಳ ಬೆಳವಣಿಗೆಯನ್ನು ಪ್ರಚೋದಿಸುವ ರಾಸಾಯನಿಕಗಳನ್ನು ಸ್ರವಿಸುತ್ತದೆ. ಮೋಯಮೋಯ ರೋಗಿಗಳಲ್ಲಿ ಇಂತಹ ಬೆಳವಣಿಗೆ ಅಂಶಗಳ ಪ್ರಮಾಣ ಹೆಚ್ಚಿರುವುದು ಕಂಡುಬಂದಿದೆ. ಇವುಗಳ ಪ್ರಭಾವದಿಂದ ಮೊದಲೇ ಇದ್ದ ಸಣ್ಣ ನಾಳಗಳು ಹಿಗ್ಗುತ್ತವೆ, ಹೊಸ ನಾಳಗಳೂ ಚಿಗುರುತ್ತವೆ. ಬದಲಿ ದಾರಿಗಳು ಮುಖ್ಯವಾಗಿ ನಾಲ್ಕು:

• ತಳದ ಜಾಲ: ಮೆದುಳಿನ ಆಳಕ್ಕೆ ಚುಚ್ಚಿಕೊಂಡು ಹೋಗುವ ಸೂಕ್ಷ್ಮ ಅಪಧಮನಿಗಳು ಹಿಗ್ಗಿ ಮುಚ್ಚಿದ ಭಾಗವನ್ನು ಬಳಸಿಕೊಂಡು ಹೋಗುತ್ತವೆ. ಹೊಗೆಯಂತೆ ಕಾಣುವ ಜಾಲವು ಇದೇ.
• ಹಿಂಭಾಗದ ದಾರಿ: ವರ್ಟಿಬ್ರಲ್ ಅಪಧಮನಿಗಳಿಂದ ರಕ್ತ ಪಡೆಯುವ ಹಿಂದಿನ ಮೆದುಳಿನ ಅಪಧಮನಿಯು ಮೆದುಳಿನ ಮೇಲ್ಮೈಯ ನಾಳಗಳ ಮೂಲಕ ಮುಂಭಾಗಕ್ಕೆ ರಕ್ತವನ್ನು ಕಳುಹಿಸುತ್ತದೆ.
• ಮೂಗಿನ ಮೇಲಿನ ದಾರಿ: ಕಣ್ಣಿಗೆ ರಕ್ತ ಒದಗಿಸುವ ಅಪಧಮನಿಯ ಶಾಖೆಗಳು ಎತ್ಮಾಯ್ಡ್ ಮೂಳೆಯ ಮೂಲಕ ಮೆದುಳಿನ ಮುಂಭಾಗಕ್ಕೆ ಹಾಯುತ್ತವೆ.
• ಬುರುಡೆಯ ದಾರಿ: ಮುಖ, ನೆತ್ತಿ ಮತ್ತು ಮೆದುಳಿನ ಹೊರಪೊರೆಗೆ ರಕ್ತ ಒಯ್ಯುವ ಬಾಹ್ಯ ಕೆರೋಟಿಡ್ ಅಪಧಮನಿಯ ಶಾಖೆಗಳು ಹೊರಪೊರೆಯನ್ನು ದಾಟಿ ಮೆದುಳಿಗೆ ಇಳಿಯುತ್ತವೆ.

ಸರಿದೂಗಿಸುವಿಕೆಯ ಬೆಲೆ

ಈ ಬದಲಿ ನಾಳಗಳು ಅಷ್ಟು ಹರಿವನ್ನು ಹೊರಲು ರೂಪುಗೊಂಡವಲ್ಲ. ತಳದ ಜಾಲದ ನಾಳಗಳ ಗೋಡೆ ತೆಳುವಾಗಿದ್ದು, ವರ್ಷಗಟ್ಟಲೆ ಒತ್ತಡವನ್ನು ತಡೆದುಕೊಂಡ ನಂತರ ಕೆಲವೆಡೆ ಗುಳ್ಳೆಯಂತೆ ಉಬ್ಬಿ ಒಡೆಯಬಹುದು. ವಯಸ್ಕರಲ್ಲಿ ಮೆದುಳಿನೊಳಗೆ ರಕ್ತಸ್ರಾವವಾಗಲು ಇದೇ ಮುಖ್ಯ ಕಾರಣ. ಹೊರಪೊರೆಯ ನಾಳಗಳ ಹಿಗ್ಗುವಿಕೆಯಿಂದ ಅರೆತಲೆನೋವನ್ನು ಹೋಲುವ ತಲೆನೋವು ಬರಬಹುದು. ಆಳದ ಗ್ಯಾಂಗ್ಲಿಯಾಗಳ ಸುತ್ತಲಿನ ಬದಲಾವಣೆಯಿಂದ ಕೆಲವು ಮಕ್ಕಳಲ್ಲಿ ಕೈಕಾಲುಗಳ ಅನೈಚ್ಛಿಕ ಚಲನೆ ಕಾಣಿಸಿಕೊಳ್ಳುತ್ತದೆ. ಮೆದುಳನ್ನು ಉಳಿಸಲು ಬೆಳೆದ ನಾಳವೇ ಮುಂದೆ ಅದಕ್ಕೆ ಅಪಾಯವಾಗುವುದು ಈ ರೋಗದ ವೈಶಿಷ್ಟ್ಯ.

ಸುಜುಕಿ ಹಂತಗಳು

ಸುಜುಕಿ ಮತ್ತು ತಾಕಾಕು ರಕ್ತನಾಳ ಚಿತ್ರಣದ ಆಧಾರದ ಮೇಲೆ ರೋಗವನ್ನು ಆರು ಹಂತಗಳಾಗಿ ವಿಂಗಡಿಸಿದರು.

1. ಆಂತರಿಕ ಕೆರೋಟಿಡ್ ಅಪಧಮನಿಯ ಕವಲಿನಲ್ಲಿ ಮಾತ್ರ ಕಿರಿದಾಗುವಿಕೆ.
2. ತಳದ ಜಾಲದ ಆರಂಭ. ಮೆದುಳಿನ ಮುಖ್ಯ ಅಪಧಮನಿಗಳು ಹಿಗ್ಗಿರುವುದು.
3. ತಳದ ಜಾಲ ದಟ್ಟವಾಗುವುದು. ಮುಂದಿನ ಮತ್ತು ಮಧ್ಯದ ಅಪಧಮನಿಗಳು ಮಸುಕಾಗುವುದು.
4. ತಳದ ಜಾಲ ಕಡಿಮೆಯಾಗತೊಡಗಿ, ಬಾಹ್ಯ ಕೆರೋಟಿಡ್‌ನ ಬದಲಿ ನಾಳಗಳು ಹೆಚ್ಚುವುದು.
5. ತಳದ ಜಾಲ ಮತ್ತಷ್ಟು ಕ್ಷೀಣಿಸುವುದು.
6. ತಳದ ಜಾಲ ಕಣ್ಮರೆಯಾಗುವುದು; ಮೆದುಳಿನ ಆ ಭಾಗವು ಬಾಹ್ಯ ಕೆರೋಟಿಡ್ ಮತ್ತು ವರ್ಟಿಬ್ರಲ್ ಅಪಧಮನಿಗಳನ್ನೇ ಅವಲಂಬಿಸುವುದು.

ಈ ಹಂತಗಳು ಸರಿದೂಗಿಸುವ ಹೊಣೆಯು ಒಳಗಿನ ನಾಳಗಳಿಂದ ಹೊರಗಿನ ನಾಳಗಳಿಗೆ ವರ್ಗವಾಗುವುದನ್ನು ತೋರಿಸುತ್ತವೆ. ಮುಂದಿನ ಹಂತದಲ್ಲಿದ್ದರೂ ಬದಲಿ ದಾರಿ ಚೆನ್ನಾಗಿದ್ದರೆ ಲಕ್ಷಣಗಳು ಕಡಿಮೆ ಇರಬಹುದು. ಆದ್ದರಿಂದ ಹಂತದ ಸಂಖ್ಯೆಯೊಂದರಿಂದಲೇ ರೋಗಿಯ ಅಪಾಯವನ್ನು ಅಳೆಯಲಾಗದು.

ವ್ಯಾಪಕತೆ

ಈ ರೋಗವು ಪೂರ್ವ ಏಷ್ಯಾದಲ್ಲಿ ಹೆಚ್ಚು. ಜಪಾನಿನಲ್ಲಿ 2003ರ ಸಮೀಕ್ಷೆಯಂತೆ ಒಂದು ಲಕ್ಷ ಜನರಲ್ಲಿ ಸುಮಾರು 6 ಮಂದಿ ರೋಗಿಗಳಿದ್ದರು. ಅಮೆರಿಕದ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ವರ್ಷಕ್ಕೆ ಒಂದು ಲಕ್ಷ ಜನರಿಗೆ 0.086ರಷ್ಟು ಹೊಸ ರೋಗಿಗಳು ದಾಖಲಾದರು. ಮಹಿಳೆಯರಲ್ಲಿ ಪುರುಷರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ರೋಗವು ಎರಡು ವಯೋಮಾನಗಳಲ್ಲಿ ಹೆಚ್ಚಾಗಿ ಬೆಳಕಿಗೆ ಬರುತ್ತದೆ: ಸುಮಾರು 5ರಿಂದ 10 ವರ್ಷದ ಮಕ್ಕಳು ಮತ್ತು 40ರ ಆಸುಪಾಸಿನ ವಯಸ್ಕರು.

ಲಕ್ಷಣಗಳು ಮತ್ತು ಪ್ರಚೋದಕಗಳು

ಮಕ್ಕಳಲ್ಲಿ ಕೆಲವು ನಿಮಿಷಗಳ ಕಾಲ ಒಂದು ಬದಿಯ ಕೈ ಅಥವಾ ಕಾಲು ಬಲಹೀನವಾಗಿ ಮತ್ತೆ ಸರಿಹೋಗುವುದು ಸಾಮಾನ್ಯ ಲಕ್ಷಣ. ಬಲಹೀನತೆಯು ಒಮ್ಮೆ ಬಲಗಡೆ, ಇನ್ನೊಮ್ಮೆ ಎಡಗಡೆ ಬರಬಹುದು. ಮಾತು ತೊದಲುವುದು, ಮೂರ್ಛೆ, ತಲೆನೋವು, ಕಲಿಕೆಯಲ್ಲಿ ಹಿಂದುಳಿಯುವುದು ಇತರ ಲಕ್ಷಣಗಳು. ಮಗುವು ಅಷ್ಟರಲ್ಲೇ ಎದ್ದು ಆಡತೊಡಗುವುದರಿಂದ ಇಂತಹ ಘಟನೆಗಳನ್ನು ನಿಶ್ಶಕ್ತಿ, ಹಟ ಅಥವಾ ದೃಷ್ಟಿದೋಷವೆಂದು ಬಿಟ್ಟುಬಿಡುವ ಸಂಭವವಿದೆ. ವಾಸ್ತವವಾಗಿ ಇವು ಸರಿದೂಗಿಸುವ ಶಕ್ತಿಯು ಅಂಚಿಗೆ ಬಂದಿರುವುದರ ಸೂಚನೆಗಳು. ಶಾಶ್ವತ ಲಕ್ವ ಹೊಡೆಯುವ ಮುನ್ನ ಚಿಕಿತ್ಸೆಗೆ ದೊರೆಯುವ ಅವಕಾಶವೂ ಹೌದು.

ಜೋರಾಗಿ ಅಳುವಾಗ, ಓಡಿದ ನಂತರ, ಬಿಸಿ ಆಹಾರವನ್ನು ಊದಿ ಆರಿಸುವಾಗ, ಕೊಳಲು ಅಥವಾ ಪೀಪಿ ಊದುವಾಗ, ಬಲೂನು ಉಬ್ಬಿಸುವಾಗ ಲಕ್ಷಣಗಳು ಕಾಣಿಸಿಕೊಳ್ಳುವುದು ಈ ರೋಗದ ಮುಖ್ಯ ಸುಳಿವು. ಊದುಗೊಳವೆಯಿಂದ ಒಲೆಯನ್ನು ಊದುವುದೂ ಇದೇ ಬಗೆಯ ಶ್ರಮ. ಒಂದೇ ಸಮನೆ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದಂತೆ ಮೆದುಳಿನ ನಾಳಗಳು ಸಂಕುಚಿತವಾಗುತ್ತವೆ. ಆರೋಗ್ಯವಂತರಿಗೆ ಇದರಿಂದ ಹೆಚ್ಚೆಂದರೆ ತಲೆ ಹಗುರವಾದಂತಾಗಬಹುದು. ಹಿಗ್ಗುವಿಕೆಯನ್ನೇ ನೆಚ್ಚಿಕೊಂಡಿರುವ ಮೋಯಮೋಯ ರೋಗಿಯ ಮೆದುಳಿಗೆ ಅದು ತಕ್ಷಣದ ಕೊರತೆಯಾಗುತ್ತದೆ.

ನಿರ್ಜಲೀಕರಣವು ಎರಡನೆಯ ಪ್ರಚೋದಕ. ವಾಂತಿಭೇದಿ, ಜ್ವರ, ದೀರ್ಘ ಉಪವಾಸ ಮತ್ತು ತೀವ್ರ ಬಿಸಿಲಿನಿಂದ ರಕ್ತದ ಪ್ರಮಾಣ ಹಾಗೂ ಒತ್ತಡ ಇಳಿಯುತ್ತವೆ. ಬೇಸಿಗೆಯಲ್ಲಿ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ದಾಟುವ ಯಾದಗಿರಿ, ಕಲಬುರಗಿ, ರಾಯಚೂರು ಜಿಲ್ಲೆಗಳಂತಹ ಪ್ರದೇಶಗಳಲ್ಲಿ ರೋಗಿಗಳು ನೀರು ಕುಡಿಯುವುದನ್ನು ಚಿಕಿತ್ಸೆಯ ಭಾಗವೆಂದೇ ತಿಳಿಯಬೇಕಾಗುತ್ತದೆ. ರಕ್ತಹೀನತೆಯು ರಕ್ತದ ಆಮ್ಲಜನಕ ಒಯ್ಯುವ ಸಾಮರ್ಥ್ಯವನ್ನು ತಗ್ಗಿಸಿ ಕೊರತೆಯನ್ನು ಹೆಚ್ಚಿಸುತ್ತದೆ.

ರೋಗನಿರ್ಣಯ

ಎಂಆರ್‌ಐ ಮತ್ತು ಎಂಆರ್ ಆಂಜಿಯೋಗ್ರಫಿ ಪರೀಕ್ಷೆಗಳಿಂದ ಕಿರಿದಾದ ಅಪಧಮನಿ, ತಳದ ಜಾಲ ಮತ್ತು ಹಳೆಯ ಹಾನಿಯನ್ನು ಗುರುತಿಸಬಹುದು. ಕ್ಯಾತಿಟರ್ ಮೂಲಕ ನಡೆಸುವ ರಕ್ತನಾಳ ಚಿತ್ರಣವು ಬದಲಿ ದಾರಿಗಳನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುತ್ತದೆ. ಮೊದಲು ಎರಡೂ ಬದಿಯ ಕಿರಿದಾಗುವಿಕೆ ಇದ್ದರೆ ಮಾತ್ರ ಖಚಿತ ರೋಗವೆಂದು ಪರಿಗಣಿಸುತ್ತಿದ್ದರು. ಜಪಾನಿನ ಪರಿಷ್ಕೃತ ಮಾನದಂಡಗಳು ಒಂದೇ ಬದಿಯ ರೋಗವನ್ನೂ ಒಳಗೊಂಡಿವೆ.

ಉಳಿದಿರುವ ಸರಿದೂಗಿಸುವ ಶಕ್ತಿಯನ್ನು ಅಳೆಯಲು ಸ್ಪೆಕ್ಟ್ ಎಂಬ ವಿಕಿರಣ ಚಿತ್ರಣದ ಜೊತೆ ಅಸಿಟಜೋಲಮೈಡ್ ಔಷಧವನ್ನು ನೀಡುತ್ತಾರೆ. ಈ ಔಷಧವು ಮೆದುಳಿನ ನಾಳಗಳನ್ನು ಹಿಗ್ಗಿಸುತ್ತದೆ. ಆರೋಗ್ಯಕರ ಭಾಗದಲ್ಲಿ ಹರಿವು ಏರುತ್ತದೆ. ಈಗಾಗಲೇ ಪೂರ್ಣವಾಗಿ ಹಿಗ್ಗಿರುವ ಭಾಗದಲ್ಲಿ ಏರುವುದಿಲ್ಲ, ಕೆಲವೊಮ್ಮೆ ಇಳಿಯುತ್ತದೆ. ಅಂತಹ ಭಾಗವು ಮುಂದಿನ ಹಾನಿಯ ಅಪಾಯದಲ್ಲಿದೆ ಎಂದರ್ಥ.

ಚಿಕಿತ್ಸೆ

ಅಪಧಮನಿಯ ಕಿರಿದಾಗುವಿಕೆಯನ್ನು ತಡೆಯುವ ಅಥವಾ ಹಿಮ್ಮೆಟ್ಟಿಸುವ ಔಷಧ ಲಭ್ಯವಿಲ್ಲ. ರಕ್ತಕೊರತೆಯ ಲಕ್ಷಣಗಳಿರುವವರಿಗೆ ವೈದ್ಯರು ಆಸ್ಪಿರಿನ್‌ನಂತಹ ಔಷಧಗಳನ್ನು ನೀಡುತ್ತಾರೆ. ರಕ್ತಸ್ರಾವವಾದವರಲ್ಲಿ ಇವು ಅಪಾಯಕಾರಿ. ಆದ್ದರಿಂದ ಸ್ವಯಂವೈದ್ಯ ಸಲ್ಲದು.

ಮುಖ್ಯ ಚಿಕಿತ್ಸೆಯೆಂದರೆ ಶಸ್ತ್ರಕ್ರಿಯೆ. ಬಾಹ್ಯ ಕೆರೋಟಿಡ್ ಅಪಧಮನಿಯು ಈ ರೋಗಕ್ಕೆ ಸಾಮಾನ್ಯವಾಗಿ ತುತ್ತಾಗದಿರುವುದೇ ಇದರ ಆಧಾರ. ನೇರ ವಿಧಾನದಲ್ಲಿ ಕಣತಲೆಯ ಚರ್ಮದ ಕೆಳಗಿನ ಅಪಧಮನಿಯನ್ನು ಬುರುಡೆಯ ಕಿಂಡಿಯ ಮೂಲಕ ಮಧ್ಯದ ಮೆದುಳಿನ ಅಪಧಮನಿಯ ಶಾಖೆಗೆ ಹೊಲಿಯುತ್ತಾರೆ. ಈ ಜೋಡಣೆಯನ್ನು 1967ರಲ್ಲಿ ಜ್ಯೂರಿಕ್‌ನಲ್ಲಿ ಯಾಸಾರ್ಗಿಲ್ ರೋಗಿಯೊಬ್ಬರ ಮೇಲೆ ಮೊದಲು ನಡೆಸಿದರು. ಪರೋಕ್ಷ ವಿಧಾನದಲ್ಲಿ ಅಪಧಮನಿ, ಸ್ನಾಯು ಅಥವಾ ಹೊರಪೊರೆಯನ್ನು ಮೆದುಳಿನ ಮೇಲ್ಮೈಗೆ ತಾಗಿಸಿಡುತ್ತಾರೆ. ತಿಂಗಳುಗಳಲ್ಲಿ ಅವುಗಳಿಂದ ಹೊಸ ನಾಳಗಳು ಮೆದುಳಿಗೆ ಇಳಿಯುತ್ತವೆ. ಮಕ್ಕಳ ನಾಳಗಳು ಹೊಲಿಗೆಗೆ ಸಿಗದಷ್ಟು ಚಿಕ್ಕವಾಗಿರುವುದರಿಂದಲೂ, ಅವರಲ್ಲಿ ಹೊಸ ನಾಳಗಳ ಬೆಳವಣಿಗೆ ಚುರುಕಾಗಿರುವುದರಿಂದಲೂ ಪರೋಕ್ಷ ವಿಧಾನವು ಅವರಿಗೆ ಹೆಚ್ಚು ಒಗ್ಗುತ್ತದೆ. ಎರಡೂ ವಿಧಾನಗಳು ಸುಜುಕಿ ಹಂತಗಳಲ್ಲಿ ಶರೀರವು ತಾನೇ ನಿಧಾನವಾಗಿ ಮಾಡುವ ವರ್ಗಾವಣೆಯನ್ನು ಬೇಗನೆ, ಸುರಕ್ಷಿತ ದಾರಿಯಲ್ಲಿ ನಡೆಸಿಕೊಡುತ್ತವೆ. ಹೊಸ ದಾರಿ ಬಲಗೊಂಡಂತೆ ತಳದ ದುರ್ಬಲ ಜಾಲದ ಮೇಲಿನ ಹೊರೆ ಇಳಿದು ಅದು ಕ್ಷೀಣಿಸುತ್ತದೆ.

ರಕ್ತಸ್ರಾವವಾಗಿದ್ದ 80 ಮಂದಿ ವಯಸ್ಕರ ಮೇಲೆ ಜಪಾನಿನಲ್ಲಿ ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನವು ಇದನ್ನು ಸಮರ್ಥಿಸುತ್ತದೆ. ಅದರಲ್ಲಿ ಮತ್ತೆ ರಕ್ತಸ್ರಾವವಾಗುವ ಪ್ರಮಾಣವು ಶಸ್ತ್ರಕ್ರಿಯೆ ಪಡೆದವರಲ್ಲಿ ವರ್ಷಕ್ಕೆ ಶೇ. 2.7, ಪಡೆಯದವರಲ್ಲಿ ಶೇ. 7.6 ಆಗಿತ್ತು. ಶಸ್ತ್ರಕ್ರಿಯೆಗೂ ಅಪಾಯಗಳಿವೆ. ಅರಿವಳಿಕೆಯ ಸಮಯದಲ್ಲಿ ರಕ್ತದೊತ್ತಡ ಮತ್ತು ಇಂಗಾಲದ ಡೈಆಕ್ಸೈಡ್ ಮಟ್ಟವನ್ನು ಸ್ಥಿರವಾಗಿಡಬೇಕಾಗುತ್ತದೆ. ನಂತರ ಒಮ್ಮೆಲೇ ಹೆಚ್ಚಿದ ಹರಿವಿನಿಂದಲೂ ತೊಂದರೆಯಾಗಬಹುದು.

ಕರ್ನಾಟಕದಲ್ಲಿ

1974ರಲ್ಲಿ ರೂಪುಗೊಂಡ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು (ನಿಮ್ಹಾನ್ಸ್) ರಾಜ್ಯದಲ್ಲಿ ನರರೋಗಗಳ ಪ್ರಮುಖ ಸಾರ್ವಜನಿಕ ಕೇಂದ್ರವಾಗಿದೆ. ಸುರಪುರದ ರಂಗಂಪೇಟೆಯಂತಹ ಊರುಗಳಿಂದ ಅದು ಬಹುದೂರ. ಈ ಅಂತರವನ್ನು ಕಡಿಮೆ ಮಾಡುವ ಉದ್ದೇಶದಿಂದ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವನ್ನು (ಕಭಿ) ಆರಂಭಿಸಿದವು. ಪ್ರಾಥಮಿಕ ಹಂತದ ವೈದ್ಯರಿಗೆ ನರರೋಗಗಳನ್ನು ಗುರುತಿಸುವ ತರಬೇತಿ ನೀಡುವುದು ಮತ್ತು ಜಿಲ್ಲಾಮಟ್ಟದಲ್ಲಿ ಮೆದುಳು ಆರೋಗ್ಯ ಚಿಕಿತ್ಸಾಲಯಗಳನ್ನು ನಡೆಸುವುದು ಇದರ ಕಾರ್ಯಗಳು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿದೆ.

ಚಾಮರಾಜನಗರ ಮತ್ತು ಮೈಸೂರು ಜಿಲ್ಲೆಗಳ ಬುಡಕಟ್ಟು ಸಮುದಾಯಗಳಲ್ಲಿ ಕುಡುಗೋಲು ಕಣ ರಕ್ತಹೀನತೆ ಇರುವುದರಿಂದ ಮೋಯಮೋಯ ಸಿಂಡ್ರೋಮ್‌ನ ವಿಷಯವು ಅಲ್ಲಿಯೂ ಪ್ರಸ್ತುತ. ಇಂತಹ ಮಕ್ಕಳ ಮೆದುಳಿನ ಅಪಧಮನಿಗಳಲ್ಲಿ ರಕ್ತದ ವೇಗವನ್ನು ಡಾಪ್ಲರ್ ಪರೀಕ್ಷೆಯಿಂದ ಅಳೆದು, ಅದು ಸೆಕೆಂಡಿಗೆ 200 ಸೆಂಟಿಮೀಟರ್ ಮುಟ್ಟಿದರೆ ನಿಯಮಿತ ರಕ್ತಪೂರಣ ಮಾಡುವುದರಿಂದ ಪಾರ್ಶ್ವವಾಯುವನ್ನು ಬಹುಮಟ್ಟಿಗೆ ತಡೆಯಬಹುದೆಂದು 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿದೆ. ಭಾರತ ಸರ್ಕಾರವು 2023ರ ಜುಲೈ 1ರಂದು ರಾಷ್ಟ್ರೀಯ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನವನ್ನು ಆರಂಭಿಸಿತು. ಕರ್ನಾಟಕವೂ ಅದರ ವ್ಯಾಪ್ತಿಯಲ್ಲಿದೆ.

ಮುನ್ನರಿವು

ರೋಗದ ಗತಿ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ತೀರ ಚಿಕ್ಕ ಮಕ್ಕಳಲ್ಲಿ ಇದು ವೇಗವಾಗಿ ಮುಂದುವರಿಯುತ್ತದೆ. ಚಿಕಿತ್ಸೆಯ ಫಲವನ್ನು ಬಹುಮಟ್ಟಿಗೆ ನಿರ್ಧರಿಸುವುದು ಶಸ್ತ್ರಕ್ರಿಯೆಯ ವೇಳೆಗೆ ಆಗಿರುವ ಶಾಶ್ವತ ಹಾನಿಯ ಪ್ರಮಾಣ. ಹಾನಿಗೆ ಮುನ್ನವೇ ಶಸ್ತ್ರಕ್ರಿಯೆಯಾದ ಮಕ್ಕಳಲ್ಲಿ ತಾತ್ಕಾಲಿಕ ಬಲಹೀನತೆಯ ಘಟನೆಗಳು ಸಾಮಾನ್ಯವಾಗಿ ಕಡಿಮೆಯಾಗಿ ನಿಲ್ಲುತ್ತವೆ, ಅವರು ಶಾಲೆಯ ಜೀವನಕ್ಕೆ ಮರಳಬಲ್ಲರು. ಸತ್ತ ನರಕೋಶಗಳನ್ನು ಮಾತ್ರ ಯಾವ ಹೊಸ ರಕ್ತನಾಳವೂ ಮರಳಿಸಲಾರದು. ಒಂದು ಬದಿಯ ರೋಗವು ಮುಂದೆ ಇನ್ನೊಂದು ಬದಿಗೂ ಹರಡುವ ಸಾಧ್ಯತೆಯಿರುವುದರಿಂದ ಕಾಲಕಾಲಕ್ಕೆ ತಪಾಸಣೆ ಅಗತ್ಯ. ಗರ್ಭಿಣಿಯರಲ್ಲಿ ಹೆರಿಗೆಯ ವೇಳೆ ರಕ್ತದೊತ್ತಡ ಮತ್ತು ಉಸಿರಾಟದ ಏರಿಳಿತಗಳ ಬಗ್ಗೆ ವಿಶೇಷ ನಿಗಾ ವಹಿಸಲಾಗುತ್ತದೆ.